ವಿಜಯಪುರಕ್ಕೆ ರೇನ್‌ಕೋಟ್ ಕಳಿಸಿದ ಮೇಲೆ

ನಾವಿಬ್ಬರೂ ಬೇರೆಯಾದ ಮೇಲೆ ಹೆಂಡತಿ ಎಂಟು ವರ್ಷದ ಮಗಳನ್ನು ಕರೆದುಕೊಂಡು ತನ್ನ ತವರೂರು ವಿಜಯಪುರಕ್ಕೆ ಹೋದಳು. ನಾನು ಮುಂಬಯಿಯ ಮುಲುಂಡ್‌ನ ಫ್ಲ್ಯಾಟಿನಲ್ಲೇ ಉಳಿದೆ. ಮಗಳ ಖರ್ಚಿಗೆ ತಿಂಗಳಿಗೆ ಇಷ್ಟು ಕೊಡಬೇಕೆಂದು ವಿಜಯಪುರದ ಕೋರ್ಟು ಹೇಳಿತ್ತು. ಐದಾರು ತಿಂಗಳು ಸರಿಯಾಗಿಯೇ ಕಳಿಸಿದೆ. ಆಮೇಲೆ, ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಹಣದಲ್ಲಿ ಅಪ್ಪ ಎಲ್ಲಿದ್ದಾನೆ ಎಂಬ ಯೋಚನೆ ತಲೆ ಹೊಕ್ಕಿತು. ಹಣ ನಿಲ್ಲಿಸಿ ಸಾಮಾನು ಕಳಿಸತೊಡಗಿದೆ.

ಮೊದಲು ಹೋದದ್ದು ಗಾಲಿ ಇರುವ ಸ್ಕೂಲ್ ಬ್ಯಾಗು. ಆಮೇಲೆ ಬೂಟು. ಜೂನ್‌ನಲ್ಲಿ ಮುಲುಂಡ್ ಸ್ಟೇಷನ್ ಹೊರಗೆ ತೊಯ್ಯುತ್ತ ನಿಂತು ಹಳದಿ ರೇನ್‌ಕೋಟು ಕೊಂಡೆ. ಬಿಲ್ಲುಗಳನ್ನೆಲ್ಲ ಒಂದು ಫೈಲಿನಲ್ಲಿಟ್ಟೆ. ಕೂಡಿಸಿದರೆ ಕೋರ್ಟು ಹೇಳಿದ್ದಕ್ಕಿಂತ ತುಸು ಹೆಚ್ಚೇ ಆಗಿತ್ತು. ನನ್ನ ಔದಾರ್ಯಕ್ಕೆ ನಾನೇ ತಲೆದೂಗಿದೆ.

ಹೆಂಡತಿಯ ಫೋನ್ ಬಂತು. "ಇಲ್ಲಿ ಮೋಡಾನ ಇಲ್ಲ. ನಿನ್ನ ಮಗಳು ರೇನ್‌ಕೋಟ್ ಹಾಕ್ಕೊಂಡು ಬಿಸಲಾಗ ಓಡಾಡಾಕತ್ತಾಳ. ಬೂಟು ಕಾಲಿಗೆ ಹೋಗೂದಿಲ್ಲ."

"ಸೈಜು ನೋಡೇ ತಗೊಂಡೀನಿ."

"ಹ್ವಾದ ವರ್ಷದ ಸೈಜು ಅದು. ಸಾಲ್ಯಾಗ ಫೀ ಕೇಳಾಕತ್ತಾರ. ಬೂಟು ಕೊಟ್ಟು ಬರಲೇನು?"

ನನಗೆ ಸಿಟ್ಟು ಬಂತು. "ಹಂಗಾದ್ರ ಕೋರ್ಟಿಗೆ ಹೋಗು" ಎಂದುಬಿಟ್ಟೆ. ಕರ್ನಾಟಕದ ಕೋರ್ಟಿನ ಆದೇಶ ಸೊಲ್ಲಾಪುರ ದಾಟಿದರೆ ಬರೀ ಕಾಗದ ಎಂದು ಅಂಧೇರಿಯ ನಮ್ಮ ಆಫೀಸಿನ ಗೆಳೆಯನೊಬ್ಬ ಹೇಳಿದ್ದ. ನಾನು ನಂಬಿದ್ದೆ.

ಅವಳು ಹೋದಳು. ಕೆಲವು ತಿಂಗಳ ಮೇಲೆ ಒಂದು ಶನಿವಾರ ಮುಂಬಯಿ ಕೋರ್ಟಿನ ಪ್ಯಾದೆಯೇ ನೋಟಿಸು ಹಿಡಿದು ಬಂದ. ಲಿಫ್ಟ್ ಕೆಟ್ಟಿತ್ತು. ಆದರೂ ನನ್ನ ಮನೆ ತೋರಿಸಲು ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ನಾಲ್ಕು ಮಹಡಿ ಹತ್ತಿ ಬಂದಿದ್ದರು. ನಾನು ಓದಿ ಮುಗಿಸುವ ತನಕ ಇಳಿಯಲೂ ಇಲ್ಲ.

ಪರಿಚಯದ ವಕೀಲರೊಬ್ಬರು, ಉಡುಪಿ ಕಡೆಯವರು, ಫೋರ್ಟ್ ಏರಿಯಾದ ಹೋಟೆಲೊಂದಕ್ಕೆ ಬರಹೇಳಿದರು. ಬಿಲ್ಲಿನ ಫೈಲನ್ನು ಅವರ ಇಡ್ಲಿ ತಟ್ಟೆಯ ಪಕ್ಕ ಇಟ್ಟೆ. ಅವರು ಒಂದೊಂದನ್ನೇ ನೋಡಿ ಫೈಲು ಮುಚ್ಚಿದರು.

"ಇದೆಲ್ಲ ನೀವು ಪ್ರೀತಿಯಿಂದ ಕೊಟ್ಟದ್ದು ಮಾರಾಯ್ರೆ. ಕೋರ್ಟು ಇದನ್ನು ಜೀವನಾಂಶ ಅಂತ ಹಿಡಿಯುದಿಲ್ಲ."

"ಆ ಕೋರ್ಟು ಬ್ಯಾರೆ ರಾಜ್ಯದ್ದಲ್ರೀ ಸರ?"

"ರಾಜ್ಯ ಬೇರೆ ಆದ್ರೆ ಮಗಳು ಬೇರೆ ಆಗ್ತಾಳಾ? ನೀವು ಎಲ್ಲಿದ್ದೀರೋ ಅಲ್ಲಿಂದಲೇ ವಸೂಲಿ ಮಾಡ್ತಾರೆ. ನಾಳೆ ಸಂಬಳಕ್ಕೆ ಕೈ ಹಾಕಿದ್ರೆ ಎಂತ ಮಾಡ್ತೀರಿ? ಕಷ್ಟ ಉಂಟಾದ್ರೆ ಕಡಿಮೆ ಮಾಡಿ ಅಂತ ಕೋರ್ಟಿಗೇ ಕೇಳ್ಬೇಕು. ನೀವೇ ನಿಲ್ಲಿಸ್ಲಿಕ್ಕಿಲ್ಲ."

ನನಗೆ ಕಷ್ಟವೇನೂ ಇರಲಿಲ್ಲ. ಅದನ್ನು ಹೇಳಲು ನಾಚಿಕೆಯಾಗಿ ಇನ್ನೊಂದು ಕಾಫಿ ತರಿಸಿದೆ. ಬಾಕಿಯನ್ನು ಮೂರು ಕಂತಿನಲ್ಲಿ ತೀರಿಸಿದೆ. ಮುಂದೆ ತಿಂಗಳು ತಿಂಗಳು ತಾನಾಗಿ ಹೋಗುವಂತೆ ಬ್ಯಾಂಕಿಗೆ ಬರೆದುಕೊಟ್ಟೆ.

ಸಾಮಾನು ಕಳಿಸುವುದು ನಿಂತಿತು. ಪಾರ್ಸೆಲ್ ಮುಟ್ಟಿತಾ ಎಂದು ಮಗಳಿಗೆ ಫೋನ್ ಮಾಡುವ ನೆಪವೂ ಹೋಯಿತು. ಒಂದು ಭಾನುವಾರ ಸುಮ್ಮನೇ ಮಾಡಿದೆ. ಇಬ್ಬರೂ "ಮತ್ತ?", "ಮತ್ತ?" ಎನ್ನುತ್ತ ಕುಳಿತೆವು. ಕೊನೆಗೆ ಅವಳೇ, "ಪಪ್ಪಾ, ಕಲ್ ಮೇರಾ ಕನ್ನಡ ಡಿಕ್ಟೇಶನ್ ಹೈ. ನೀ ಹೇಳು, ನಾ ಬರೀತೀನಿ" ಎಂದಳು. ಮುಂಬಯಿಯ ಇಂಗ್ಲಿಷ್ ಶಾಲೆಯಿಂದ ಹೋದವಳಿಗೆ ಅಲ್ಲಿ ಕನ್ನಡವೇ ಕಬ್ಬಿಣದ ಕಡಲೆಯಾಗಿತ್ತು. ಮನೆಯಲ್ಲಿ ಕಣ್ಣಿಗೆ ಬಿದ್ದ ಹತ್ತು ಸಾಮಾನಿನ ಹೆಸರು ಹೇಳಿದೆ.

ಮುಂದಿನ ಭಾನುವಾರ ಅವಳ ದನಿ ಗಂಭೀರವಾಗಿತ್ತು. "ನೀ ಖಿಡಕಿ ಅಂದಿದ್ದಿ. ಟೀಚರ್ ಕಿಟಕಿ ಅಂದ್ರು. ನಾ ನಿನ್ನ ಮಾತು ಕೇಳಿ ಖಿಡಕಿ ಬರದೆ. ಮಾರ್ಕ್ಸ್ ಹೋತು."

"ತಪ್ಪಾತವ್ವಾ. ಇಲ್ಲೆ ಎಲ್ಲಾರೂ ಹಂಗ ಅಂತಾರ."

"ನಾ ಪಾಠದ ಫೋಟೋ ಕಳಿಸ್ತೀನಿ. ನೀ ಓದ್ಕೊಂಡು ಬಾ."

ಹಿಂದಿನಿಂದ ಅವಳ ಅವ್ವ ನಕ್ಕದ್ದು ಕೇಳಿಸಿತು.

ಈಗ ವಾರವಿಡೀ ಓದುತ್ತೇನೆ. ಘಾಟ್‌ಕೋಪರ್‌ನಲ್ಲಿ ಲೋಕಲ್ ಇಳಿದು ಮೆಟ್ರೋ ಹಿಡಿದರೆ ಅಂಧೇರಿ ಮುಟ್ಟುವಷ್ಟರಲ್ಲಿ ಮೂರನೆಯ ತರಗತಿಯ ಒಂದು ಪಾಠ ಮುಗಿಯುತ್ತದೆ. ಆ ನೂಕುನುಗ್ಗಲಿನಲ್ಲಿ ಒತ್ತಕ್ಷರ ಮಾತ್ರ ಸರಿಯಾಗಿ ಕಾಣುವುದಿಲ್ಲ.