ಕುರುಗೋಡಿನ ಹತ್ತೊಂಬತ್ತನೆಯ ಮನೆ

1952ರ ನವೆಂಬರಿನಲ್ಲಿ ನಾನು ಬಳ್ಳಾರಿಯ ಕಾಲೇಜೊಂದರಲ್ಲಿ ಇತಿಹಾಸದ ಟ್ಯೂಟರ್ ಆಗಿದ್ದೆ. ವಯಸ್ಸು ಇಪ್ಪತ್ತಾರು. ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿತ್ತು. ಮುಂದೆ ಆಂಧ್ರಕ್ಕೋ ಮೈಸೂರಿಗೋ ಎಂಬ ಮಾತು ಕೌಲ್ ಬಜಾರಿನ ಚಹಾ ಅಂಗಡಿಗಳಲ್ಲಿ ದಿನವಿಡೀ ಕುದಿಯುತ್ತಿತ್ತು.

ಗಡಿ ಭಾಗದ ಜನ ತಮ್ಮನ್ನು ಯಾರೆಂದು, ಎಲ್ಲಿಯವರೆಂದು ತಿಳಿದಿದ್ದಾರೆ ಎಂಬುದರ ಮೇಲೆ ಸಂಶೋಧನಾ ಪ್ರಬಂಧವೊಂದನ್ನು ಯೋಜಿಸುವಂತೆ ವಿಭಾಗದ ಮುಖ್ಯಸ್ಥರು ನನಗೆ ಹೇಳಿದರು. ಮೊದಲು 'ಸಿನಾಪ್ಸಿಸ್' ಕೊಡಬೇಕಿತ್ತು. ಎಂದರೆ, ಪ್ರಶ್ನೆ ಯಾವುದು, ಆಧಾರಗಳೆಲ್ಲಿ, ಅಧ್ಯಾಯಗಳೆಷ್ಟು ಎಂದು ಮುಂಚೆಯೇ ಬರೆದಿಡುವ ನಾಲ್ಕು ಪುಟ. ಡಿಸೆಂಬರ್ 20 ಗಡುವು. ನಾನು ದಿನಚರಿಯಲ್ಲಿ ಗೀಟು ಹಾಕಿ ಎಣಿಸುವವನು. ಕೂಡಲೇ ಒಂದು ಫಾರಂ ಸಿದ್ಧಪಡಿಸಿದೆ. ಮನೆಯ ಸಂಖ್ಯೆ, ಕಸುಬು, ಆಡುಮಾತು. ಆಡುಮಾತಿಗೆ ಎರಡೇ ಕಾಲಂ: ಕನ್ನಡ, ತೆಲುಗು.

ನವೆಂಬರ್ 9ರಂದು ಕುರುಗೋಡಿಗೆ ಹೋದೆ. ಜೊತೆಗೆ ತೆಲುಗು ಮನೆಮಾತಿನ ಸಹೋದ್ಯೋಗಿಯೊಬ್ಬರಿದ್ದರು. ಆ ಬೆಳಗು ನನಗೆ ಎಚ್ಚರದಲ್ಲೇ ಕಂಡ ಕನಸಿನ ಹಾಗೆ ಉಳಿದಿದೆ. ಗುಡ್ಡದ ಬುಡವನ್ನೆಲ್ಲ ಮಂಜು ನುಂಗಿತ್ತು. ದೊಡ್ಡ ದೊಡ್ಡ ಬಂಡೆಗಳು ಆಕಾಶದಲ್ಲಿ ತೇಲುತ್ತಿದ್ದವು. ಹತ್ತಿಯ ಬಂಡಿಗಳು ಹೋದ ದಾರಿಯಲ್ಲಿ ಬಿಳಿ ಎಳೆಗಳು ಗಾಳಿಗೆ ಸಿಕ್ಕಿ, ಬೀಳಲು ಮನಸ್ಸಿಲ್ಲದಂತೆ ಸುಳಿಯುತ್ತಿದ್ದವು. ಒಂದೇ ಓಣಿಯ ಮೂವತ್ತನಾಲ್ಕು ಮನೆ ಎಣಿಸಿದೆವು. ತೆಲುಗು 27, ಕನ್ನಡ 7.

ನವೆಂಬರ್ 30ರಂದು ಸರಿನೋಡಲು ಒಬ್ಬನೇ ಹೋದೆ. ಅದೇ ಓಣಿ, ಅವೇ ಮನೆಗಳು. ಸಂಜೆ ಕೂಡಿಸಿದಾಗ ಕನ್ನಡ 30, ತೆಲುಗು 4. ಮೂರು ಸಲ ಕೂಡಿಸಿದೆ. ಊರೇ ನನ್ನ ಬೆನ್ನ ಹಿಂದೆ ಮಗ್ಗುಲು ಬದಲಿಸಿದಂತೆ ಅನ್ನಿಸಿತು.

ಹತ್ತೊಂಬತ್ತನೆಯ ಮನೆಯ ಕಟ್ಟೆಯ ಮೇಲೆ ಹಂಪವ್ವ ಉಣ್ಣೆ ನೂಲುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಕಂಬಳಿ ಕಸುಬಿನಲ್ಲೇ ಮಗಳನ್ನು ಬೆಳೆಸಿದವಳು. ನನ್ನ ಮುಖ ನೋಡಿ ನಕ್ಕಳು.

"ಯಾಕ್ರಿ ಮಾಸ್ತರ? ಅವತ್ತು ತೆಲುಗು ಮಾತಾಡ್ಕೊಂತ ಬಂದ್ರಿ, ಇವತ್ತು ಕನ್ನಡ. ನಾಳೆ ಉರ್ದು ತರ್ತೀರೇನು?"

"ಅವತ್ತು ನೀವೂ ತೆಲುಗಿನಲ್ಲೇ ಹೇಳಿದಿರಲ್ಲ?"

"ಮನಿಗೆ ಬಂದವರು ಯಾವ ಮಾತಿನಾಗ ಕೇಳ್ತಾರ, ಅದರಾಗ ಹೇಳಬೇಕ್ರಿ. ಇಲ್ಲಂದ್ರ ಅವರನ್ನ ಹೊರಗ ನಿಂದ್ರಿಸಿದಂಗ."

"ಹಾಗಾದರೆ ನಿಮ್ಮ ಸ್ವಂತ ಮಾತು ಯಾವುದು?"

ಅವಳು ಕದಿರು ನಿಲ್ಲಿಸಿ ಕೇಳಿದಳು: "ಯಾರ ಜೊತಿ?"

ಆಮೇಲೆ ನಗು ಹೋಯಿತು. ಮಗಳು ಈರಮ್ಮನನ್ನು ಆದೋನಿ ಕಡೆಯ ಒಂದು ಹಳ್ಳಿಗೆ ಕೊಡುವ ಮಾತಾಗಿತ್ತು. ಬೀಗರಾಗಬೇಕಿದ್ದ ನರಸಪ್ಪನಿಗೆ, ಕುರುಗೋಡಿನಲ್ಲಿ ಮನೆಮನೆ ಬರೆದುಕೊಂಡು ಜನರನ್ನು ಎರಡು ಕಡೆ ಮಾಡುತ್ತಿದ್ದಾರೆಂದು ಸುದ್ದಿ ಮುಟ್ಟಿತ್ತು. ದೇಶ ಎರಡಾದಾಗಿನ ಕಥೆಗಳನ್ನು ಅವರೂ ಕೇಳಿದ್ದರು. ನಾಳೆ ಸೊಸೆ ತವರಿಗೆ ಹೋಗಲೂ ಸರ್ಕಾರದ ಚೀಟಿ ಬೇಕಾದೀತೆಂದು ಹೆದರಿ ನಿಶ್ಚಯವನ್ನು ತಡೆದಿದ್ದರು.

"ನಿಮ್ಮ ಕಾಗದದಿಂದ ನನ್ನ ಮಗಳ ಮದಿವಿ ನಿಂತೈತ್ರಿ," ಎಂದಳು ಹಂಪವ್ವ. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ನರಸಪ್ಪ ಭತ್ತದ ಬಂಡಿ ಹೊಡೆದುಕೊಂಡು ಸಿರುಗುಪ್ಪದ ಗಿರಣಿಗೆ ಬರುತ್ತಾರೆಂದು ಅವಳೇ ತಿಳಿಸಿದಳು. ಡಿಸೆಂಬರ್ 7ರಂದು ಅಲ್ಲಿಗೆ ಹೋದೆ. ಗದ್ದೆಗಳ ಮೇಲೆ ಎಳೆ ಬಿಸಿಲು ಹೊಗೆಯಂತೆ ಹರಡಿತ್ತು. ಗಿರಣಿಯ ಸದ್ದು ದೂರದಿಂದ ಯಾರೋ ನಿದ್ದೆಯಲ್ಲಿ ಉಸಿರಾಡಿದಂತೆ ಕೇಳುತ್ತಿತ್ತು. ನಾನು ಕನ್ನಡದಲ್ಲಿ ಮಾತು ತೆಗೆದೆ. ತೆಲುಗು ಮನೆಯ ನರಸಪ್ಪ ಕನ್ನಡದಲ್ಲೇ ಉತ್ತರ ಕೊಟ್ಟರು. ಈ ಸಲ ಅದು ನನ್ನ ಗಮನಕ್ಕೆ ಬಂತು.

"ಇದು ಸರ್ಕಾರದ್ದಲ್ಲ, ಕಾಲೇಜಿನದು," ಎಂದೆ.

"ಎಲ್ಲಾರೂ ಹಂಗ ಅಂತಾರ. ನಾಳೆ ಚೀಟಿ ಕೇಳಂಗಿಲ್ಲ ಅಂತ ಬರಕೊಡ್ತೀಯೇನು?"

"ಸರ್ಕಾರ ಏನು ಮಾಡುತ್ತದೋ ನನಗೆ ಗೊತ್ತಿಲ್ಲ. ನನ್ನ ಕಾಗದ ನೋಡಿ ಯಾರೂ ಕೇಳುವುದಿಲ್ಲ."

ಅವರು ತಲೆ ಅಲ್ಲಾಡಿಸಿ ಎತ್ತಿನ ಕಡೆ ತಿರುಗಿದರು. ಹೇಳಲು ನನ್ನಲ್ಲಿ ಉಳಿದಿದ್ದು ನಾಚಿಕೆಯ ಸಂಗತಿಯೊಂದೇ. ಎರಡೂ ಹಾಳೆ ತೆಗೆದು ಹತ್ತೊಂಬತ್ತನೆಯ ಮನೆಯನ್ನು ಓದಿದೆ. ಮೊದಲನೆಯದರಲ್ಲಿ ತೆಲುಗು, ಎರಡನೆಯದರಲ್ಲಿ ಕನ್ನಡ.

ನರಸಪ್ಪ ಇನ್ನೊಮ್ಮೆ ಓದಿಸಿದರು. ಆಮೇಲೆ ಗಿರಣಿಯವರೆಲ್ಲ ತಿರುಗಿ ನೋಡುವಂತೆ ನಕ್ಕರು. "ಒಂದ ಮನೀನ ಎರಡೂ ಕಡಿ ಬರ್ದೀಯಲ್ಲೋ ಮಾಸ್ತರ! ಇಂಥಾ ಕಾಗದಕ್ಕ ಹೆದರಿ ನಾ ಕೊಟ್ಟ ಮಾತು ಮುರೀಬೇಕೇನು? ಹೋಗು, ಆಕಿಗೆ ಹೇಳು. ಸಂಕ್ರಾಂತಿ ಆದ ಮ್ಯಾಲ ಬರ್ತೀವಿ."

ಡಿಸೆಂಬರ್ 20ರಂದು ಮುಖ್ಯಸ್ಥರು ಕೋಷ್ಟಕ ಎಲ್ಲಿ ಎಂದು ಕೇಳಿದರು. ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ಒರೆಸಿ ಹಾಕಿಕೊಂಡು ಎರಡೂ ಹಾಳೆಗಳನ್ನು ಸಾಲು ಸಾಲಾಗಿ ಹೋಲಿಸಿ ನೋಡಿದರು. "ಹಾಗಾದರೆ ಪ್ರಶ್ನೆಯನ್ನೇ ಬದಲಿಸಿ," ಎಂದರು. 'ಇವರು ಯಾರು' ಎಂಬಲ್ಲಿ 'ಇವರು ಯಾರೊಡನೆ ಹೇಗೆ ಬಾಳುತ್ತಾರೆ' ಎಂದು ಬರೆದೆ. ಫಾರಂಗೆ ಹೊಸ ಕಾಲಂ ಒಂದು ಸೇರಿತು: ಕೇಳಿದವನು ಯಾರು, ಯಾವ ಮಾತಿನಲ್ಲಿ ಕೇಳಿದ. ಅಂದಿನಿಂದ ಆ ಕಾಲಂ ತುಂಬದೆ ನಾನು ಯಾವ ಹಳ್ಳಿಯನ್ನೂ ಎಣಿಸಿಲ್ಲ. ಉತ್ತರ ಕೊಡುವವರು ಮೊದಲು ಕೇಳುವವನನ್ನು ನೋಡುತ್ತಾರೆ. ನನ್ನ ವೃತ್ತಿ ನನಗೆ ಕಲಿಸಿದ್ದು ಇಷ್ಟು.

1953ರ ಅಕ್ಟೋಬರಿನಲ್ಲಿ ಕುರುಗೋಡು ಮೈಸೂರಿಗೆ ಸೇರಿತು, ಆದೋನಿ ಆಂಧ್ರಕ್ಕೆ ಹೋಯಿತು. ಆ ದೀಪಾವಳಿಗೆ ನಾನು ಹೋದಾಗ ಈರಮ್ಮ ತವರಿನ ಕಟ್ಟೆಯ ಮೇಲೆ ಕೂತು ತಾಯಿಯ ಉಣ್ಣೆ ಬಿಡಿಸುತ್ತಿದ್ದಳು. ದಾರಿಯಲ್ಲಿ ಯಾರಾದರೂ ತಡೆದರೇ ಎಂದು ಕೇಳಿದೆ.

"ಯಾರೂ ಇಲ್ರಿ," ಎಂದಳು. "ಹಳ್ಳದಾಗ ನೀರು ಇತ್ತು. ಅದು ಇಳಿಯೋ ಮಟ ಕುಂತು ಬಂದ್ವಿ."