ಹದ್ದುಗಳಿಗೆ ಹೇಗೆ ಹೇಳಲಿ?

ಕಿವಿಯ ಪಕ್ಕದಲ್ಲೇ ರೆಕ್ಕೆ ಬಡಿದ ಸದ್ದಾಯಿತು. ಬೆಚ್ಚಿ ಬಗ್ಗಿದೆ. ಹಲಸೂರು ಕೆರೆಯ ನಡಿಗೆ ದಾರಿಯಲ್ಲಿ ನೀರುಕಾಗೆಗಳನ್ನು ನೋಡುತ್ತ ಒಬ್ಬಳೇ ಹೊರಟಿದ್ದ ನನ್ನ ತಲೆಯ ಮೇಲೆ ಹದ್ದುಗಳು ಗಿರಕಿ ಹೊಡೆಯುತ್ತಿದ್ದವು. ಎದುರಿಗೆ, ಬಿಳಿ ಟೋಪಿ ಹಾಕಿದ ಅಜ್ಜರೊಬ್ಬರು ಪ್ಲಾಸ್ಟಿಕ್ ಚೀಲದಿಂದ ಮಾಂಸದ ಚೂರುಗಳನ್ನು ಮೇಲಕ್ಕೆ ಎಸೆಯುತ್ತಿದ್ದರು. ಒಂದೂ ನೆಲಕ್ಕೆ ಬೀಳುತ್ತಿರಲಿಲ್ಲ.

ನನಗೆ ಸಿಟ್ಟು ಬಂತು. “ಮಂದಿ ಅಡ್ಡಾಡೋ ದಾರ್ಯಾಗ ಇದೇನ್ರೀ ಅಜ್ಜಾರ?” ಎಂದು ನಮ್ಮ ರಾಯಚೂರಿನ ಮಾತಿನಲ್ಲೇ ಜೋರು ಮಾಡಿದೆ.

ಅವರು ಬೇಸರಿಸಲಿಲ್ಲ. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ ಅವರ ತಲೆಗೆ ಮಾಂಸ ನಿವಾಳಿಸಿ ಹದ್ದುಗಳಿಗೆ ಹಾಕುವುದು ತಮ್ಮ ಮನೆಯ ಪದ್ಧತಿ ಎಂದರು. ನಾನು ಮೆತ್ತಗಾಗಿ, ಈಗ ಯಾರಿಗೆ ಹುಷಾರಿಲ್ಲ ಎಂದು ಕೇಳಿದೆ.

“ಈಗ ಮನೇಲಿ ನಾನೊಬ್ನೇ ಅಮ್ಮಾ. ಹೆಂಡ್ತಿಗೋಸ್ಕರ ಹಾಕ್ತಿದ್ದೆ, ಅವಳು ತೀರ್ಕೊಂಡು ವರ್ಷ ಆಯ್ತು. ಅದನ್ನ ಇವಕ್ಕೆ ಹೇಗೆ ಹೇಳ್ಲಿ? ನಾನು ಗೇಟ್ ದಾಟಿದ ಕೂಡ್ಲೇ ಬಂದ್ಬಿಡ್ತಾವೆ.”

ಖಾಲಿ ಚೀಲವನ್ನು ಮಡಚಿ ಜೇಬಿಗಿಟ್ಟುಕೊಂಡು ಅವರು ಶಿವಾಜಿನಗರದ ಕಡೆ ಹೊರಟರು. ಎರಡು ಹದ್ದುಗಳು ಗೇಟಿನವರೆಗೂ ಅವರ ಹಿಂದೆಯೇ ಹಾರಿದವು.

ಅವತ್ತು ಭಾನುವಾರ. ಎಸ್‌ಟಿಡಿ ಬೂತಿನ ಮುಂದೆ ಊರಿಗೆ ಫೋನ್ ಮಾಡುವವರು ಸಾಲುಗಟ್ಟಿ ನಿಂತಿದ್ದರು. ಅವರನ್ನು ದಾಟಿ ಬಂದು ಲಿಂಗರಾಜಪುರದ ನನ್ನ ಬಾಡಿಗೆ ಕೋಣೆಯ ಬೀಗ ತೆಗೆಯುವಾಗ, ಆ ಅಜ್ಜರ ಬಗ್ಗೆ ಮರುಕಕ್ಕಿಂತ ಹೊಟ್ಟೆಕಿಚ್ಚೇ ಹೆಚ್ಚಾಯಿತು. ಅವರು ಒಂದು ದಿನ ಬರದಿದ್ದರೆ ಹದ್ದುಗಳಿಗಾದರೂ ಗೊತ್ತಾಗುತ್ತದೆ.