ಅಸ್ಥಿಗೊಂದು ಮತ

ಸಕಾಯಿ ಊರಿನಲ್ಲಿ ಮೂವತ್ತೊಂದು ವರ್ಷ ಚಾಕುಗಳಿಗೆ ಹಿಡಿ ಕೂರಿಸಿದ ತೊಮಿಯೆಗೆ ಗಂಡ ಕುನಿಹಾರು ಬಿಟ್ಟುಹೋದ ಆಸ್ತಿ ಎಂದರೆ ಅಸ್ಥಿಯೊಂದೇ. ಬಿಳಿ ಜಾಡಿಯಲ್ಲಿ, ಅನ್ನದ ಕುಕ್ಕರಿನ ಪಕ್ಕ ಕೂತಿತ್ತು. ಸತ್ತ ನಲವತ್ತೊಂಬತ್ತನೆಯ ದಿನಕ್ಕೆ ಅದು ಮಣ್ಣು ಸೇರಬೇಕು, ಇವತ್ತು ನಲವತ್ತಾರು. ಅಳು ಬಂದಿರಲಿಲ್ಲ. ಬಹಳ ಹೊತ್ತು ಮಂಡಿಯೂರಿ ಕೂತ ಕಾಲಿನ ಹಾಗೆ ಮನಸ್ಸಿಗೆ ಜೋಮು ಹಿಡಿದಿತ್ತು.

ತೊಡಕು ಇಷ್ಟೇ. ಮನೆತನದ ಸಮಾಧಿ ಇರುವುದು ಗುಡಿಯ ಅಂಗಳದಲ್ಲಿ. ಸತ್ತವರಿಗೆ ಗುಡಿಯ ಗುರು ಹೊಸ ಹೆಸರಿಟ್ಟರೆ ಮಾತ್ರ ಅಲ್ಲಿ ಜಾಗ. ಆದರೆ ಹನ್ನೊಂದು ವರ್ಷದಿಂದ ಗಂಡಹೆಂಡಿರು ‘ಬೆಳಗಿನ ಬಳಗ’ ಎಂಬ ಹೊಸ ಪಂಥದವರು. ಬಳಗದಲ್ಲಿ ಸತ್ತರೂ ಹಳೆಯ ಹೆಸರೇ; ಜಾಗ ದೂರದ ಬೆಟ್ಟದ ಮೇಲೆ.

“ಬದುಕಿದ್ದಾಗ ಅವ್ರ ಹತ್ರ, ಸತ್ತ ಮೇಲೆ ನಮ್ಮ ಹತ್ರಾನಾ ತಾಯಿ? ಗುಡಿ ಅಂದ್ರೆ ಬಸ್ಸಿನ ಕೊನೇ ನಿಲ್ದಾಣ ಅಂದ್ಕೊಂಡ್ರಾ?” ಎಂದಿದ್ದರು ಗುರುಗಳು. “ಬಳಗ ಬಿಟ್ಟೆ ಅಂತ ಬರೆದ್ಕೊಡಿ, ಹೆಸರಿಡ್ತೀನಿ.”

“ಅಣ್ಣನ ಭಕ್ತಿ ಎಂಥದ್ದು! ಒಂದು ಬೆಳಗ್ಗೆನೂ ತಪ್ಪಿಸ್ಲಿಲ್ಲ,” ಎಂದಿದ್ದರು ಬಳಗದ ಮುಖ್ಯಸ್ಥೆ ಇನುಯಿ. “ಗುಡಿಗೆ ಒಪ್ಪಿಸಿದ್ರೆ ಎದ್ದು ಬಂದ್ಬಿಡ್ತಾರೆ ನೋಡಕ್ಕ!”

ಬಂದರೆ ಒಳ್ಳೆಯದೇ, ಅವರನ್ನೇ ಕೇಳಬಹುದಿತ್ತು.

ಮಧ್ಯಾಹ್ನ ಬಂದವಳು ವಿಶ್ವವಿದ್ಯಾಲಯದ ಕುಜೆ. ಜನ ಹೊಸ ಪಂಥಗಳಿಗೆ ಯಾಕೆ ಸೇರುತ್ತಾರೆ ಎಂಬುದು ಅವಳ ಅಧ್ಯಯನ. ವಸಂತದಲ್ಲಿ ಕುನಿಹಾರು ಹೆಸರಿಗೆ ಫಾರಂ ಕಳಿಸಿದ್ದಳಂತೆ.

“ತೀರ್ಕೊಂಡ್ರಾ! ಕ್ಷಮಿಸಿ ಅಮ್ಮ, ಬರ್ತೀನಿ.”

“ಇರು, ಚಹಾ ಕುಡಿ. ಫಾರಂ ಇದ್ರೆ ಕೊಡ್ತೀನಿ.”

ದೇವರ ಕಪಾಟಿನ ಡ್ರಾಯರಿನಲ್ಲಿ, ಬೆನ್ನುನೋವಿನ ಪಟ್ಟಿಗಳ ಅಡಿಯಲ್ಲಿ ಅದು ಸಿಕ್ಕಿತು. ಗಂಡನ ಗುಂಡು ಅಕ್ಷರ.

‘ನಿಮ್ಮ ಮತ?’ ಯಾವುದೂ ಇಲ್ಲ.

‘ಬಳಗಕ್ಕೆ ಹೋಗಲು ಕಾರಣ?’ ಹೆಂಡತಿಗೆ ಇಷ್ಟ.

ತೊಮಿಯೆ ಎರಡು ಸಲ ಓದಿದಳು. ಚಳಿಗಾಲದಲ್ಲೂ ಐದಕ್ಕೆದ್ದು ಅವಳು ಬಳಗದ ಪ್ರಾರ್ಥನೆಗೆ ಹೋಗುತ್ತಿದ್ದದ್ದು ಗಂಡನಿಗೆ ಇಷ್ಟವೆಂದು. ಹನ್ನೊಂದು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಕರೆದೊಯ್ದಿದ್ದರು. ಹೋಗಬೇಕೆಂದವರು ಯಾರೂ ಇರಲಿಲ್ಲ.

“ಸತ್ತವ್ರ ಉತ್ತರ ಲೆಕ್ಕಕ್ಕೆ ಬರುತ್ತೇನಮ್ಮ?” ಎಂದು ಕುಜೆಯನ್ನು ಕೇಳಿದಳು.

“ಬರೆದಾಗ ಬದುಕಿದ್ರಲ್ಲಾ, ಬರುತ್ತೆ. ಎಲ್ರೂ ‘ಮತ ಇಲ್ಲ’ ಅಂತ್ಲೇ ಬರೀತಾರೆ. ಆದ್ರೆ ಗುಡಿ, ಬಳಗ ಎಲ್ಲಾದ್ರ ಪಟ್ಟಿ ಕೂಡಿಸಿದ್ರೆ ಊರಲ್ಲಿ ಜನಕ್ಕಿಂತ ಭಕ್ತರೇ ಜಾಸ್ತಿ!”

“ನಮ್ಮನೆಯವ್ರು ಎರಡೂ ಪಟ್ಟೀಲಿದ್ದಾರೆ. ಇರೋದು ಮಾತ್ರ ಜಾಡೀಲಿ.”

ಕುಜೆಗೆ ನಗಬೇಕೋ ಬಾರದೋ ತಿಳಿಯಲಿಲ್ಲ. ಫಾರಂ ತೆಗೆದುಕೊಂಡು, ಜಾಡಿಗೆ ತಲೆಬಾಗಿ ಹೊರಟಳು.

ತೊಮಿಯೆ ಗುಡಿಗೆ ಫೋನು ಮಾಡಿದಳು. “ಬರೆದ್ಕೊಡ್ತೀನಿ ಗುರುಗಳೇ. ಹೆಸರು ಚಿಕ್ಕದಿಡಿ. ಭಾರ ಹೊರೋ ಬೆನ್ನಲ್ಲ ಅವ್ರದ್ದು.”

“ಮನಸ್ಸು ಬದಲಾಯ್ತಾ ತಾಯಿ?”

“ಮನಸ್ಸಲ್ಲ. ಗುಡಿಗಾದ್ರೆ ನಡ್ಕೊಂಡು ಬರ್ಬೋದು.”

ಮರುದಿನ ಐದಕ್ಕೆ ಎಚ್ಚರವಾಯಿತು. ಏಳಬೇಕಾದ ಕಾರಣ ಜಾಡಿಯಲ್ಲಿತ್ತು. ಮಗ್ಗುಲು ಬದಲಿಸಿದಳು.